ಹುಲಿ-ಕುರಿ ಆಟದಿಂದ ಜೀನ್ಸ್ ಯೂನಿಟ್ ತನಕ: ಗೇಮ್ ಎಐ ಮತ್ತ ಶೆಡ್ಯೂಲಿಂಗ್ ಒಳಗ ರಿಸರ್ಚ್ ಶುರು ಮಾಡೋದು ಹೆಂಗ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಬಿಇ, ಎಂಸಿಎ, ಎಂಎಸ್ಸಿ ಓದೋ ಭಾಳ ಮಂದಿ ಎಐ ಒಳಗ ರಿಸರ್ಚ್ ಮಾಡಬೇಕು ಅಂತ ಕೇಳ್ತಾರ, ಅದರ ಹಿಂದೇನ ಇನ್ನೊಂದು ಮಾತು ಬರತೈತಿ, ನಮ್ಮ ಹತ್ರ ಜಿಪಿಯು (ಎಐ ಲೆಕ್ಕ ಜೋರಾಗಿ ಮಾಡೋ ತುಟ್ಟಿ ಚಿಪ್) ಇಲ್ರಿ, ಬೆಂಗಳೂರಿಗೆ ಹೋಗಬೇಕೇನ್ರಿ ಅಂತ. ಹೋಗಾಕ ಬ್ಯಾಡ. ದೊಡ್ಡ ಲ್ಯಾಂಗ್ವೇಜ್ ಮಾಡೆಲ್ ಕಟ್ಟಾಕ ಹೊಂಟ್ರ ಜಿಪಿಯು ಬೇಕು ನಿಜ, ಆದ್ರ ಎಐ ಅಂದ್ರ ಅದೊಂದೇ ಅಲ್ಲ. ಆಟ ಆಡೋ ಪ್ರೋಗ್ರಾಮ್ ಮತ್ತ ಕೆಲಸದ ಸರದಿ ಹಚ್ಚೋ ಪ್ರೋಗ್ರಾಮ್, ಅಂದ್ರ ಶೆಡ್ಯೂಲಿಂಗ್, ಇವೆರಡೂ 8 ಜಿಬಿ ರ‍್ಯಾಮ್ ಇರೋ ಸಾದಾ ಲ್ಯಾಪ್‌ಟಾಪ್ ಮ್ಯಾಲ ಇವತ್ತಿಗೂ ಒಳ್ಳೆ ರಿಸರ್ಚ್ ಮಾಡಬಹುದಾದ ವಿಷಯ. ಅದಕ್ಕ ಬೇಕಾದ ಸಮಸ್ಯೆನೂ ನಮ್ಮ ಊರಾಗೇ ಬಿದ್ದೈತಿ.

ಇವೆರಡನ್ನೂ ಯಾಕ ಕೂಡಿಸಿ ಹೇಳ್ತೀನಿ ಅಂದ್ರ, ಒಳಗಿನ ಕೆಲಸ ಒಂದೇ. ಆಟದಾಗ ಈಗ ಯಾವ ಕಾಯಿ ನಡಸ್ಲಿ ಅಂತ ಆರಿಸ್ತೀರಿ, ಆಮ್ಯಾಲ ಅದರ ಮ್ಯಾಲ ಇನ್ನೊಂದು, ಹಿಂಗ ಆರಿಸ್ಕೋತ ಹೋದಂಗ ಒಂದು ದೊಡ್ಡ ಮರ ಬೆಳೀತೈತಿ. ಶೆಡ್ಯೂಲಿಂಗ್‌ನಾಗೂ ಈಗ ಯಾವ ಆರ್ಡರ್ ಮಷೀನಿಗೆ ಹಾಕ್ಲಿ ಅಂತ ಆರಿಸ್ತೀರಿ, ಆಮ್ಯಾಲ ಯಾವ್ದು, ಆಮ್ಯಾಲ ಯಾವ್ದು, ಅದೇ ಮರ. ಒಂದೇ ಫರಕ್ ಅಂದ್ರ ಎದುರಿಗೆ ಆಡೋನು ಇಲ್ಲ. ಆ ಒಂದು ಫರಕ್ ಎಷ್ಟು ದೊಡ್ಡದು ಅನ್ನೋದೇ ಒಂದು ರಿಸರ್ಚ್ ಪ್ರಶ್ನೆ, ಅದಕ್ಕ ಮುಂದ ಬರ್ತೀನಿ.

ಮೊದಲ ಹೆಜ್ಜೆ: ಪ್ರಶ್ನೆ ಸಣ್ಣದು ಮಾಡ್ಕೊಳ್ರಿ

"ಎಐ ಇನ್ ಗೇಮ್ಸ್" ಅನ್ನೋದು ಟಾಪಿಕ್ ಅಲ್ಲ, ಅದು ಲೈಬ್ರರಿಯ ಒಂದು ಕಪಾಟು. ಪ್ರಶ್ನೆ ಅಂದ್ರ ಹಿಂಗ ಇರಬೇಕು: 3 ಹುಲಿ 15 ಕುರಿ ಆಟದಾಗ (ಹುಲಿ ಕುರಿ ಹಾರಿ ತಿನ್ನೋದು, ಕುರಿ ಹುಲಿನ ಕಟ್ಟಿಹಾಕೋದು) ಎರಡೂ ಕಡೆಯವ್ರು ತಪ್ಪಿಲ್ದ ಆಡಿದ್ರ ಗೆಲ್ಲೋದು ಯಾರು? ಇಲ್ಲಾ, ಜೀನ್ಸ್ ಯೂನಿಟ್‌ನಾಗ 20 ಆರ್ಡರ್ ಇದ್ದಾಗ ಮಾಂಟೆ ಕಾರ್ಲೊ ಹುಡುಕಾಟ (ಸಿಕ್ಕಂಗ ಭಾಳ ಸರ್ತಿ ಮಾಡಿ ನೋಡಿ ಒಳ್ಳೇದು ಆರಿಸೋ ವಿಧಾನ) ಸೂಪರ್‌ವೈಸರ್ ಕೈಯಿಂದ ಹಚ್ಚಿದ ಸರದಿಗಿಂತ ಎಷ್ಟು ತಾಸು ಉಳಸ್ತೈತಿ? ಹೌದು ಇಲ್ಲ ಅಂತ ಇಲ್ಲಾ ಒಂದು ನಂಬರ್‌ನಾಗ ಉತ್ತರ ಬರೋ ಹಂಗಿದ್ರ ಅದು ಪ್ರಶ್ನೆ.

ನಮ್ಮ ಕಡೆ ಹುಡುಕಿದ್ರ ಇಂಥಾವು ಬೇಕಾದಷ್ಟು ಅದಾವ. ಬಳ್ಳಾರಿ ಜೀನ್ಸ್ ಕೆಲಸದಾಗ ಕಟಿಂಗ್, ಸ್ಟಿಚಿಂಗ್, ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್ ಅಂತ ಒಂದಾದ ಮ್ಯಾಲ ಒಂದು ಹಂತ. ಗಂಗಾವತಿ ರೈಸ್ ಮಿಲ್‌ನಾಗ ಭತ್ತ ಕುದಿಸಿ ಒಣಗಿಸೋ ಸರದಿ. ರಾಯಚೂರಿನ ಹತ್ತಿ ಜಿನ್ನಿಂಗ್. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಪಾಳಿ, ಅದು ಕೊಪ್ಪಳ ದಾಟಿ ರಾಯಚೂರು ಜಿಲ್ಲೆಯ ಕೊನೆಭಾಗಕ್ಕ ಮುಟ್ಟೋದ್ರಾಗ ಯಾರಿಗೆ ಎಷ್ಟು ಅನ್ನೋದೇ ದೊಡ್ಡ ಜಗಳ. ಇದ್ಯಾವ್ದೂ ಬ್ಯಾಡ ಅಂದ್ರ ನಿಮ್ಮ ಕಾಲೇಜಿನ ಟೈಮ್‌ಟೇಬಲ್ಲೇ ತಗೊಳ್ರಿ, ಅದರ ಮ್ಯಾಲ 2002, 2007, 2019ರಾಗ ಇಂಟರ್‌ನ್ಯಾಷನಲ್ ಟೈಮ್‌ಟೇಬ್ಲಿಂಗ್ ಕಾಂಪಿಟಿಷನ್ ಅಂತ ಸ್ಪರ್ಧೆನೇ ನಡದಾವ, ಡೇಟಾ ಎಲ್ಲಾ ಫ್ರೀ ಸಿಗತೈತಿ.

ಇಲ್ಲಿ ನಾನು ಹುಲಿ-ಕುರಿ ಮತ್ತ ಜೀನ್ಸ್ ಎರಡನ್ನ ಹಿಡ್ಕೊಂಡು ಹೇಳ್ತೀನಿ.

ಓದೋದು, ಆದ್ರ ಆಯ್ದು ಓದೋದು

ಪೇಪರ್ ಹುಡುಕಾಕ ಗೂಗಲ್ ಸ್ಕಾಲರ್, ಡಿಬಿಎಲ್‌ಪಿ (ಕಂಪ್ಯೂಟರ್ ಸೈನ್ಸ್ ಪೇಪರ್‌ಗಳ ಪಟ್ಟಿ), ಆರ್ಕೈವ್ (arXiv, ಪೇಪರ್ ಫ್ರೀ ಓದೋ ತಾಣ) ಈ ಮೂರು ಸಾಕು. ಸರ್ಕಾರಿ ಕಾಲೇಜು ಇಲ್ಲಾ ಯೂನಿವರ್ಸಿಟಿಯಾಗ ಇದ್ರ 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ ಬಂದೈತಿ, ದುಡ್ಡು ಕೊಟ್ಟು ಓದಬೇಕಾದ ಸಾವಿರಾರು ಜರ್ನಲ್ ಅದರಾಗ ತೆರೀತಾವ, ನಿಮ್ಮ ಲೈಬ್ರರಿಯನ್‌ಗೆ ಹೋಗಿ ಲಾಗಿನ್ ಕೇಳ್ರಿ. ಪ್ರೈವೇಟ್ ಕಾಲೇಜಿನವ್ರು ಆರ್ಕೈವ್‌ನಾಗ ಹುಡುಕ್ರಿ, ಸಿಗ್ಲಿಲ್ಲ ಅಂದ್ರ ಪೇಪರ್ ಬರೆದವ್ರಿಗೇ ಮರ್ಯಾದಿಯಿಂದ ಒಂದು ಮೇಲ್ ಹಾಕ್ರಿ, ಭಾಳ ಮಂದಿ ಕಳಸ್ತಾರ.

ಏನು ಓದಬೇಕು? ಆಟದ ಕಡೆ ಕ್ಲಾಡ್ ಶಾನನ್ 1950ರಾಗ ಚೆಸ್ ಆಡೋ ಕಂಪ್ಯೂಟರ್ ಬಗ್ಗೆ ಬರೆದ ಪೇಪರ್‌ನಿಂದ ಶುರು ಮಾಡ್ರಿ, ಇಂದಿಗೂ ತಿಳೀತೈತಿ, ಸರಳ ಐತಿ. ಆಮ್ಯಾಲ 1975ರ ಕ್ನೂತ್ ಮತ್ತ ಮೂರ್ ಅವರ ಆಲ್ಫಾ-ಬೀಟಾ ವಿಶ್ಲೇಷಣೆ, ಆಲ್ಫಾ-ಬೀಟಾ ಅಂದ್ರ ಮರದಾಗ ನೋಡೋ ಅಗತ್ಯ ಇಲ್ಲದ ಕೊಂಬಿ ಬಿಟ್ಟುಬಿಡೋ ವಿಧಾನ. ಅಲ್ಲಿಂದ ನೇರ 2006ಕ್ಕ ಬರ್ರಿ: ಆ ವರ್ಷ ರೆಮಿ ಕೂಲೋಮ್ ಮಾಂಟೆ ಕಾರ್ಲೊ ಟ್ರೀ ಸರ್ಚ್ ಅನ್ನೋದನ್ನ ಮುಂದಿಟ್ರು, ಅದೇ ವರ್ಷ ಕೊಚಿಶ್ ಮತ್ತ ಸೆಪೆಶ್ವಾರಿ ಯುಸಿಟಿ ಸೂತ್ರ ಕೊಟ್ರು. ಹತ್ತು ವರ್ಷ ಆದ ಮ್ಯಾಲ, 2016ರ ಮಾರ್ಚ್‌ನಾಗ, ಗೋ ಅನ್ನೋ ಆಟ ಆಡೋ ಆಲ್ಫಾಗೋ ಪ್ರೋಗ್ರಾಮ್ ಆ ಆಟದ ದೊಡ್ಡ ಆಟಗಾರ ಲೀ ಸೆಡಾಲ್‌ನ 4-1ರಿಂದ ಸೋಲಿಸ್ತು, ಅದರ ಒಳಗಿದ್ದ ಹುಡುಕಾಟ ಇದೇ ಜಾತಿದು. ಇನ್ನೊಂದು ತಪ್ಪದೆ ಓದಬೇಕಾದ್ದು 2007ರದ್ದು, ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯ ಜೊನಾಥನ್ ಷೆಫರ್ ತಂಡ ಚೆಕರ್ಸ್ ಆಟವನ್ನ ಪೂರ್ತಿ ಬಿಡಿಸಿ, ಇಬ್ರೂ ತಪ್ಪಿಲ್ದ ಆಡಿದ್ರ ಡ್ರಾ ಅಂತ ಸಾಧಿಸಿದ್ದು.

ಶೆಡ್ಯೂಲಿಂಗ್ ಕಡೆ ಎರಡು ಹಂತದ ಸರದಿ ಬಗ್ಗೆ 1954ರ ಜಾನ್ಸನ್ ಪೇಪರ್. ಅಲ್ಲಿಂದ 1983ರ ಎರಡು ಪೇಪರ್: ಸಿಮ್ಯುಲೇಟೆಡ್ ಅನೀಲಿಂಗ್ (ಸರದಿಯನ್ನ ಸ್ವಲ್ಪ ಸ್ವಲ್ಪ ಬದಲಿಸ್ಕೋತ, ಶುರುವಿನಾಗ ಕೆಟ್ಟ ಬದಲಾವಣೆನೂ ಒಮ್ಮೊಮ್ಮೆ ಒಪ್ಪಿ ಹುಡುಕೋದು) ಮತ್ತ ಎನ್‌ಇಎಚ್ ವಿಧಾನ (ಆರ್ಡರ್‌ಗಳನ್ನ ಒಂದೊಂದಾಗಿ ಒಳ್ಳೆ ಜಾಗಕ್ಕ ತುರುಕ್ಕೋತ ಸರದಿ ಕಟ್ಟೋದು). ಹೊಸದು ಬೇಕಂದ್ರ 2020ರ ನ್ಯೂರಿಪ್ಸ್ ಸಮ್ಮೇಳನದಾಗ ಬಂದ, ಜಾಬ್ ಶಾಪ್‌ಗೆ (ಒಂದೊಂದು ಜಾಬ್ ಮಷೀನುಗಳಿಗೆ ತನ್ನದೇ ಕ್ರಮದಾಗ ಹೋಗೋ ಸಮಸ್ಯೆ) ಡೀಪ್ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಮಾಡಿ ನೋಡಿ ತಾನೇ ಕಲಿಯೋ ಎಐ) ಹಚ್ಚಿದ ಕೆಲಸ ಐತಿ. ಇನ್ನೊಂದು ಕಥೆ ಗೊತ್ತಿರಬೇಕು. 1963ರಾಗ ಫಿಶರ್ ಮತ್ತ ಥಾಂಪ್ಸನ್ ಬರೇ 10 ಜಾಬ್ 10 ಮಷೀನಿನ ಒಂದು ಸಮಸ್ಯೆ ಕೊಟ್ರು, ಅದನ್ನ ಮುಗಿಸಾಕ ಬೇಕಾದ ಅತಿ ಕಡಿಮಿ ಟೈಮ್ 930 ಅಂತ ಕಾರ್ಲಿಯೇ ಮತ್ತ ಪಿನ್ಸಾನ್ ಸಾಧಿಸಿದ್ದು 1989ರಾಗ. 10 ಬೈ 10ಕ್ಕ ಅಷ್ಟು ವರ್ಷ ಹಿಡೀತು ಅಂದ ಮ್ಯಾಲ ಸಣ್ಣ ಸಮಸ್ಯೆ ಅಂತ ಯಾವ್ದನ್ನೂ ಕಡಿಗಣಿಸಬ್ಯಾಡ್ರಿ.

ಓದುವಾಗ ಪ್ರತಿ ಪೇಪರ್‌ಗೂ ನಾಕೇ ನಾಕು ಸಾಲು ಬರ್ಕೊಳ್ರಿ: ಪ್ರಶ್ನೆ ಏನು, ಯಾವ ಡೇಟಾ ಮ್ಯಾಲ ನೋಡಿದ್ರು, ಯಾರ ಜೋಡಿ ಹೋಲಿಸಿದ್ರು, ಏನು ಬಿಟ್ಟುಹೋತು. ಆ ನಾಕನೇ ಸಾಲಿನಾಗೇ ನಿಮ್ಮ ಕೆಲಸ ಹುಟ್ಟೋದು.

ಆಟ ಕಟ್ಟೋದು: ಹುಲಿ-ಕುರಿ

ಹಂಪಿ ಕಡೆ ಹೋದವ್ರು ಬಂಡೆಗಲ್ಲಿನ ಮ್ಯಾಲ, ಮಂಟಪದ ನೆಲದ ಮ್ಯಾಲ ಕೆತ್ತಿದ ಆಟದ ಮನಿ ನೋಡಿರ್ತೀರಿ. ಅಂಥಾ ಆಟಗಳ ಮ್ಯಾಲ ಚೆಸ್ಸಿನಷ್ಟು ರಿಸರ್ಚ್ ಆಗಿಲ್ಲ, ಅದಕ್ಕೇ ಅಲ್ಲಿ ಜಾಗ ಐತಿ. ನೇಪಾಳದ ಬಾಘ್‌ಚಾಲ್ ಮ್ಯಾಲ, ಅದು 4 ಹುಲಿ 20 ಆಡಿನ ಆಟ, 25 ಮನಿ, ಲಿಮ್ ಮತ್ತ ನೀವರ್ಗೆಲ್ಟ್ ಅನ್ನೋ ಇಬ್ರು ಕೆಲಸ ಮಾಡಿ ಅದು ಡ್ರಾ ಅಂತ ತೋರ್ಸ್ಯಾರ. ದಕ್ಷಿಣ ಭಾರತದಾಗ ಭಾಳ ಕಡೆ ಆಡೋದು ತ್ರಿಕೋನದ ಬೋರ್ಡು: 23 ಮನಿ, 3 ಹುಲಿ, 15 ಕುರಿ. ನಿಯಮ ಊರಿಂದ ಊರಿಗೆ ಬದಲು, ಎಷ್ಟು ಕುರಿ ತಿಂದ್ರ ಹುಲಿ ಗೆಲ್ಲೋದು ಅನ್ನೋದಕ್ಕೇ ಒಬ್ಬೊಬ್ರು ಒಂದೊಂದು ಹೇಳ್ತಾರ. ಹಂಗಾಗಿ ಮೊದ್ಲ ನಿಮ್ಮ ಊರಿನ ಹಿರಿಯರ ಹತ್ರ ಕುಂತು ನಿಯಮ ಬರ್ಕೊಳ್ರಿ, ಅಜ್ಜನ ಕೂಡ ಒಂದೆರಡು ಆಟ ಆಡೇ ಬಿಡ್ರಿ, ಹುಲಿ ಒಂದೇ ಸರ್ತಿ ಎರಡು ಕುರಿ ಹಾರಬಹುದಾ, ಕುರಿ ಎಲ್ಲಾ ಇಟ್ಟು ಮುಗಿಯೋಕಿಂತ ಮೊದ್ಲ ಕುರಿ ನಡಸಬಹುದಾ, ಅದೇ ಸ್ಥಿತಿ ತಿರುಗಿ ತಿರುಗಿ ಬಂದ್ರ ಏನು ಅಂತ ಒಂದೊಂದೇ ಕೇಳ್ರಿ. ಈ ನಿಯಮದ ಪಟ್ಟಿನೇ ನಿಮ್ಮ ಪೇಪರ್‌ನ ಒಂದು ಭಾಗ ಆಗತೈತಿ.

ಕೋಡ್ ಬರಿಯೋಕ ಮೊದ್ಲ ಪೆನ್ನು ಹಿಡ್ಕೊಂಡು ಲೆಕ್ಕ ಮಾಡ್ರಿ, ಇದನ್ನ ಭಾಳ ಮಂದಿ ಬಿಟ್ಟುಬಿಡ್ತಾರ. 23 ಮನಿಯಾಗ 3 ಹುಲಿ ಇಡೋದು 1,771 ರೀತಿ. ಉಳಿದ 20 ಮನಿಯಾಗ 0ಯಿಂದ 15 ತನಕ ಕುರಿ ಇಡೋದು ಒಟ್ಟು 10,42,380 ರೀತಿ. ಗುಣಿಸಿದ್ರ ಹತ್ತತ್ರ 185 ಕೋಟಿ ಸ್ಥಿತಿ. ಕುರಿ ಎಲ್ಲಾ ಇಟ್ಟು ಮುಗಿದ ಮ್ಯಾಲಿನ ಆಟಕ್ಕ ಯಾರ ಸರದಿ ಅಂತ ಎರಡರಿಂದ ಗುಣಿಸ್ರಿ, 370 ಕೋಟಿ ಹತ್ರ. ಒಂದೊಂದು ಸ್ಥಿತಿಗೆ ಗೆಲುವು, ಸೋಲು, ಡ್ರಾ, ಗೊತ್ತಿಲ್ಲ ಅಂತ 2 ಬಿಟ್ ಇಟ್ರ 1 ಜಿಬಿ ಒಳಗ ಕುಂದರತೈತಿ! ಚೆಕರ್ಸ್‌ಗೆ ಸುಮಾರು 5ರ ಮುಂದ 20 ಸೊನ್ನಿ ಹಾಕಿದಷ್ಟು ಸ್ಥಿತಿ ಇದ್ವು, ಇದು ಅದರ ಮುಂದ ಏನೂ ಅಲ್ಲ. ಅಂದ್ರ ಆಟದ ಕೊನಿಯಿಂದ ಶುರುವಿನ ಕಡೆ ಹಿಮ್ಮುಖ ಲೆಕ್ಕ ಹಚ್ಚೋ ರೆಟ್ರೋಗ್ರೇಡ್ ಅನಾಲಿಸಿಸ್ ಮಾಡಿದ್ರ ಈ ಆಟದ ಎರಡನೇ ಭಾಗವನ್ನ ನಿಮ್ಮ ಲ್ಯಾಪ್‌ಟಾಪೇ ಪೂರ್ತಿ ಬಿಡಿಸಬಹುದು. ಕುರಿ ಇಡೋ ಮೊದಲ್ನೇ ಭಾಗಕ್ಕ ಕೈಯಾಗ ಎಷ್ಟು ಕುರಿ ಉಳಿದಾವ ಅನ್ನೋದೂ ಸೇರಿ ಲೆಕ್ಕ ಬೆಳೀತೈತಿ, ಅಲ್ಲಿ ಆಲ್ಫಾ-ಬೀಟಾ ಬೇಕು.

ಕೋಡ್ ಪೈಥಾನ್‌ನಾಗ ಶುರು ಮಾಡ್ರಿ, ವೇಗ ಸಾಲದಾದಾಗ ಒಳಗಿನ ಭಾಗ ಸಿ++ಗೆ ಬದಲ್ ಮಾಡ್ರಿ. ಬೋರ್ಡನ್ನ ಎರಡು ನಂಬರ್‌ನಾಗ ಇಡ್ರಿ, ಒಂದರಾಗ ಹುಲಿ ಇರೋ ಮನಿಗಳ ಬಿಟ್, ಇನ್ನೊಂದರಾಗ ಕುರಿದು, 23 ಮನಿ ಆದ್ದರಿಂದ 32 ಬಿಟ್ ಸಾಕು. ಯಾವ ಮನಿಯಿಂದ ಯಾವ ಮನಿಗೆ ಗೆರಿ ಐತಿ, ಎಲ್ಲಿಂದ ಎಲ್ಲಿಗೆ ಹಾರಬಹುದು ಅನ್ನೋ ಟೇಬಲ್ ಕೈಯಿಂದ ಬರೀಬೇಕು, ಬರೆದ ಮ್ಯಾಲ ಎರಡೆರಡು ಸರ್ತಿ ಕಾಗದದ ಬೋರ್ಡಿನ ಜೋಡಿ ಹೋಲಿಸ್ರಿ, ಯಾಕಂದ್ರ ಇಲ್ಲಿ ಒಂದು ಗೆರಿ ತಪ್ಪಿದ್ರ ಮುಂದಿನ ಫಲಿತಾಂಶ ಎಲ್ಲಾ ಬೇರೆ ಆಟದ್ದಾಗತೈತಿ ಮತ್ತ ಯಾವ ಎರರ್ರೂ ಬರಂಗಿಲ್ಲ.

ಹುಡುಕಾಟ: ಮೂರು ಮೆಟ್ಟಿಲು

ಮೊದ್ಲ ಸುಮ್ನೆ ಸಿಕ್ಕಂಗ ಆಡೋ ರ‍್ಯಾಂಡಮ್ ಆಟಗಾರ ಬರೀರಿ. ಕೆಲಸಕ್ಕ ಬಾರದ್ದು ಅನಸ್ತೈತಿ, ಆದ್ರ ಮುಂದ ಎಲ್ಲದಕ್ಕೂ ಅಳತೆಗೋಲು ಅದೇ.

ಎರಡನೇದು ಮಿನಿಮ್ಯಾಕ್ಸ್, ಅದಕ್ಕ ಆಲ್ಫಾ-ಬೀಟಾ. ನಾನು ಒಳ್ಳೇದು ಆರಿಸ್ತೀನಿ, ಎದುರಿನವ ನನಗ ಕೆಟ್ಟದ್ದು ಆರಿಸ್ತಾನ ಅಂತ ಮರ ಇಳೀತಾ ಹೋಗೋದು. ನಡೆಗಳನ್ನ ಒಳ್ಳೆ ಕ್ರಮದಾಗ ನೋಡಿದ್ರ, ಅದೃಷ್ಟ ಚೊಲೋ ಇದ್ದಾಗ, ಅದೇ ಟೈಮ್‌ನಾಗ ಆಲ್ಫಾ-ಬೀಟಾ ಎರಡು ಪಟ್ಟು ಆಳ ಹೋಗತೈತಿ. ಹಂಗಾಗಿ ಕುರಿ ಹೊಡಿಯೋ ನಡೆಗಳನ್ನ ಮುಂದ ಇಡ್ರಿ.

ಮೂರನೇದು ಮಾಂಟೆ ಕಾರ್ಲೊ ಟ್ರೀ ಸರ್ಚ್. ಇದರಾಗ ನಾಕು ಕೆಲಸ ಸುತ್ತತಾವ: ಮರದಾಗ ಇಳಿದು ಒಂದು ಕೊಂಬಿ ಆರಿಸೋದು, ಹೊಸ ಗಂಟು (ನೋಡ್, ಅಂದ್ರ ಆಟದ ಒಂದು ಸ್ಥಿತಿ) ಸೇರಿಸೋದು, ಅಲ್ಲಿಂದ ಕೊನಿ ತನಕ ಸುಮ್ನೆ ಆಡಿ ನೋಡೋದು, ಬಂದ ಫಲಿತಾಂಶವನ್ನ ಬಂದ ದಾರಿಗುಂಟ ಮ್ಯಾಲ ಬರೆಯೋದು. ಕೊಂಬಿ ಆರಿಸೋ ಸೂತ್ರ ಯುಸಿಟಿ: ಆ ಕೊಂಬಿಯ ಸರಾಸರಿ ಗೆಲುವಿಗೆ ಒಂದು ಕುತೂಹಲದ ಅಂಕ ಕೂಡಿಸ್ಬೇಕು. ಆ ಅಂಕ ಹೆಂಗ ಅಂದ್ರ, ಮ್ಯಾಲಿನ ಗಂಟಿಗೆ ಎಷ್ಟು ಸರ್ತಿ ಬಂದ್ವಿ ಅದರ ಲಾಗ್ ತಗೊಂಡು, ಈ ಕೊಂಬಿಗೆ ಎಷ್ಟು ಸರ್ತಿ ಬಂದ್ವಿ ಅದರಿಂದ ಭಾಗಿಸಿ, ವರ್ಗಮೂಲ ತಗೊಂಡು, ಒಂದು ಸ್ಥಿರಾಂಕದಿಂದ ಗುಣಿಸೋದು, ಸ್ಥಿರಾಂಕ ಸುಮಾರು 1.4 ಇಟ್ಟು ಶುರು ಮಾಡ್ರಿ. ಕಡಿಮಿ ನೋಡಿದ ಕೊಂಬಿಗೆ ಈ ಅಂಕ ಜಾಸ್ತಿ, ಭಾಳ ನೋಡಿದ್ದಕ್ಕ ಕಡಿಮಿ. ಈ ಒಂದು ಸೂತ್ರದ ಚೆಂದಕ್ಕೇ ನನಗ ಈ ವಿಷಯ ಹಿಡಿಸಿದ್ದು, ಆಟದ ಬಗ್ಗೆ ಏನೂ ಹೇಳಿಕೊಡ್ದೇ ತಾನೇ ಒಳ್ಳೆ ಕೊಂಬಿ ಕಡೆ ವಾಲ್ತೈತಿ.

ಈಗ ಆಡ್ಸಿ ನೋಡ್ರಿ. 100 ಆಟ ಆಡ್ಸಿ 55 ಗೆದ್ದೀನಿ ಅಂತ ಖುಷಿ ಪಡಬ್ಯಾಡ್ರಿ, 100 ಆಟಕ್ಕ ಸುಮಾರು 10 ಪರ್ಸೆಂಟ್ ಆಕಡೆ ಈಕಡೆ ಬರೀ ಅದೃಷ್ಟದಿಂದಲೇ ಆಗತೈತಿ. 1000 ಆಟಕ್ಕ ಅದು 3 ಪರ್ಸೆಂಟ್ ಹತ್ರ ಬರತೈತಿ. ರಾತ್ರಿ ಲ್ಯಾಪ್‌ಟಾಪ್ ಹಚ್ಚಿಟ್ಟು ಮಲಗ್ರಿ, ಕರೆಂಟ್ ಹೋದ್ರೂ ನಡುವಿನ ಫಲಿತಾಂಶ ಉಳಿಯೋ ಹಂಗ ಪ್ರತಿ ಆಟ ಮುಗಿದ ಕೂಡ್ಲೇ ಫೈಲಿಗೆ ಬರೀಸ್ರಿ. ಹುಲಿ ಕುರಿ ಎರಡು ಕಡೆ ಬಲ ಒಂದೇ ಅಲ್ಲ, ಅದಕ್ಕ ಎರಡು ಪ್ರೋಗ್ರಾಮ್‌ಗೂ ಎರಡೂ ಕಡೆ ಸರಿಸಮ ಆಟ ಕೊಡ್ರಿ.

ಜೀನ್ಸ್ ಯೂನಿಟ್: ಮೊದ್ಲ ಕೈಯಿಂದ ಬಿಡಿಸ್ರಿ

ಎರಡೇ ಹಂತ ಐತಿ ಅಂತ ಇಟ್ಕೊಳ್ರಿ, ಸ್ಟಿಚಿಂಗ್ ಆಮ್ಯಾಲ ವಾಷಿಂಗ್. ಐದು ಆರ್ಡರ್, ತಾಸಿನ ಲೆಕ್ಕ (ಮೊದಲ್ನೇದು ಸ್ಟಿಚಿಂಗ್, ಎರಡನೇದು ವಾಷಿಂಗ್): ಅ 3, 6. ಬ 5, 2. ಕ 1, 2. ಡ 6, 6. ಇ 7, 5.

ದೊಡ್ಡ ಆರ್ಡರ್ ಮೊದ್ಲ ಮುಗಿಸೋಣ ಅಂತ ಇ, ಡ, ಬ, ಅ, ಕ ಹಚ್ಚಿದ್ರ ಎಲ್ಲಾ ಮುಗಿಯೋದು 29ನೇ ತಾಸಿಗೆ. ಬಂದ ಕ್ರಮದಾಗೇ ಅ, ಬ, ಕ, ಡ, ಇ ಹಚ್ಚಿದ್ರ 27. ಈಗ ಜಾನ್ಸನ್ ನಿಯಮ: ಸ್ಟಿಚಿಂಗ್ ಕಡಿಮಿ ಇರೋವು (ಇಲ್ಲಾ ಎರಡೂ ಸಮ ಇರೋವು) ಮುಂದ, ಅದರಾಗ ಸ್ಟಿಚಿಂಗ್ ಸಣ್ಣದ್ದರಿಂದ ದೊಡ್ಡದಕ್ಕ. ವಾಷಿಂಗ್ ಕಡಿಮಿ ಇರೋವು ಹಿಂದ, ಅದರಾಗ ವಾಷಿಂಗ್ ದೊಡ್ಡದ್ದರಿಂದ ಸಣ್ಣದಕ್ಕ. ಬರೋ ಸರದಿ ಕ, ಅ, ಡ, ಇ, ಬ. ಮುಗಿಯೋದು 24. ಕಾಗದದ ಮ್ಯಾಲ ನೀವೇ ಗೆರಿ ಹಾಕಿ ನೋಡ್ರಿ.

24ಕ್ಕಿಂತ ಕಡಿಮಿ ಆಗತೈತೇನು? ಆಗಂಗಿಲ್ಲ, ಮತ್ತ ಅದನ್ನ ಸಾಧಿಸಬಹುದು: ಸ್ಟಿಚಿಂಗ್ ಒಟ್ಟು 22 ತಾಸು, ಕೊನೇ ಆರ್ಡರ್ ಯಾವ್ದೇ ಇರ್ಲಿ ಅದನ್ನ ತೊಳಿಯಾಕ ಕಡಿಮಿ ಅಂದ್ರೂ 2 ತಾಸು. 22 ಕೂಡಿಸು 2. ಇದಕ್ಕ ಲೋವರ್ ಬೌಂಡ್ ಅಂತಾರ, ಶೆಡ್ಯೂಲಿಂಗ್ ರಿಸರ್ಚ್‌ನ ಜೀವ ಇದರಾಗೇ ಐತಿ. "ನನ್ನ ಅಲ್ಗಾರಿದಮ್ ಚೊಲೋ" ಅಂತ ಹೇಳೋದು ಬ್ಯಾರೆ, "ಇದಕ್ಕಿಂತ ಕಡಿಮಿ ಯಾರಿಂದಲೂ ಆಗಂಗಿಲ್ಲ, ನಾನು ಅದರ ಇಷ್ಟು ಹತ್ರ ಬಂದೀನಿ" ಅಂತ ಹೇಳೋದು ಬ್ಯಾರೆ.

ಹಂತ ಎರಡು ಇರೋ ತನಕ ಜಾನ್ಸನ್ ಸಾಕು. ಮೂರಾದ್ರ ಸಮಸ್ಯೆ ಎನ್‌ಪಿ-ಹಾರ್ಡ್, ಅಂದ್ರ ಯಾವಾಗಲೂ ಜಲ್ದಿ ಸರಿ ಉತ್ತರ ಕೊಡೋ ವಿಧಾನ ಯಾರಿಗೂ ಗೊತ್ತಿಲ್ಲದ ಜಾತಿದು, ಅದನ್ನ 1976ರಾಗೇ ಸಾಧಿಸ್ಯಾರ. 20 ಆರ್ಡರ್ ಇದ್ರ ಸರದಿ ಹಚ್ಚೋ ರೀತಿ ಸುಮಾರು 24ರ ಮುಂದ 17 ಸೊನ್ನಿ. ಎಲ್ಲಾ ನೋಡಾಕ ಆಗಂಗಿಲ್ಲ, ಅದಕ್ಕೇ ಹುಡುಕಾಟ ಬೇಕು.

ಆಮ್ಯಾಲ ಒಂದು ಯೂನಿಟ್‌ಗೆ ಹೋಗಿ ಕುಂದರ್ರಿ. ಮಾಲೀಕರ ಪರ್ಮಿಷನ್ ತಗೊಂಡು, ಅವರ ಹೆಸರು, ಗಿರಾಕಿ ಹೆಸರು ಎಲ್ಲೂ ಬರಂಗಿಲ್ಲ ಅಂತ ಮಾತು ಕೊಟ್ಟು, ಪ್ರತಿ ಆರ್ಡರ್ ಯಾವಾಗ ಒಳಗ ಹೋತು ಯಾವಾಗ ಹೊರಗ ಬಂತು ಬರ್ಕೊಳ್ರಿ. ಪುಸ್ತಕದ ಮಾದರಿ ಮತ್ತ ನಿಜವಾದ ಕೆಲಸ ಎಲ್ಲಿ ಬ್ಯಾರೆ ಆಗತಾವ ಅನ್ನೋದು ಅಲ್ಲೇ ಕಾಣೋದು. ಒಂದೇ ಶೇಡ್‌ನ ಎರಡು ಆರ್ಡರ್ ಕೂಡೇ ತೊಳೀತಾರ, ಅಂದ್ರ ಅದು ಬ್ಯಾಚ್ ಮಷೀನ್. ಡಾರ್ಕ್ ಶೇಡ್ ತೊಳೆದ ಮ್ಯಾಲ ಲೈಟ್ ಹಾಕಬೇಕಂದ್ರ ಮಷೀನ್ ಸ್ವಚ್ಛ ಮಾಡಬೇಕು, ಅಂದ್ರ ಹಿಂದ ಏನಿತ್ತು ಅನ್ನೋದ್ರ ಮ್ಯಾಲ ತಯಾರಿ ಟೈಮ್ ಬದಲಾಗತೈತಿ. ನೀರಿನ ಟ್ಯಾಂಕರ್ ಬಂದಾಗಷ್ಟೇ ವಾಷಿಂಗ್ ಅನ್ನೋ ದಿನನೂ ಇರಬಹುದು. ಎಲ್ಲಾ ಒಮ್ಮೆಲೇ ಮಾದರಿಗೆ ಹಾಕಬ್ಯಾಡ್ರಿ, ಒಂದು ಹಾಕಿ, ಫಲಿತಾಂಶ ನೋಡಿ, ಇನ್ನೊಂದು ಹಾಕ್ರಿ.

ಆಟದ ಹುಡುಕಾಟವನ್ನ ಇಲ್ಲಿಗೆ ತರೋದು

ಇದು ಈ ಇಡೀ ಕೆಲಸದ ನಡುಭಾಗ. ಅದೇ ಮಾಂಟೆ ಕಾರ್ಲೊ ಕೋಡ್ ತಗೊಳ್ರಿ. ಗಂಟು ಅಂದ್ರ ಅರ್ಧ ಹಚ್ಚಿದ ಸರದಿ, ಕೊಂಬಿ ಅಂದ್ರ ಮುಂದಿನ ಆರ್ಡರ್, ಕೊನಿ ತನಕ ಆಡೋದು ಅಂದ್ರ ಉಳಿದ ಆರ್ಡರ್‌ನ ಹೆಂಗಾರ ಹಚ್ಚಿ ಒಟ್ಟು ಎಷ್ಟು ತಾಸು ಅಂತ ನೋಡೋದು. ಗೆಲುವು ಸೋಲು ಇಲ್ಲ, ಅದಕ್ಕ ಲೋವರ್ ಬೌಂಡನ್ನ ಬಂದ ತಾಸಿನಿಂದ ಭಾಗಿಸ್ರಿ, 1ಕ್ಕ ಹತ್ರ ಬಂದಷ್ಟು ಚೊಲೋ.

ಈಗ ಆ ಫರಕ್ಕಿಗೆ ಬರೋಣ. ಆಟದಾಗ ಸರಾಸರಿ ಮುಖ್ಯ, ಯಾಕಂದ್ರ ಎದುರಿನವ ನಿಮ್ಮ ಒಂದು ಅದೃಷ್ಟದ ದಾರಿ ಮುಚ್ಚಿಬಿಡ್ತಾನ. ಶೆಡ್ಯೂಲಿಂಗ್‌ನಾಗ ಮುಚ್ಚೋರು ಯಾರೂ ಇಲ್ಲ, ಒಂದೇ ಒಂದು ಚೊಲೋ ಸರದಿ ಸಿಕ್ರ ಸಾಕು, ಅದರ ಅಕ್ಕಪಕ್ಕದ್ದು ಎಲ್ಲಾ ಕೆಟ್ಟದಿದ್ರೂ ನಡೀತೈತಿ. ಹಂಗಾಗಿ ಸರಾಸರಿ ಬದ್ಲಿ ಅತ್ಯುತ್ತಮವನ್ನ ನೆನಪಿಡೋ ರೂಪ ಬೇಕು. ಒಬ್ಬನೇ ಆಡೋ ಆಟಗಳಿಗೆ 2008ರಾಗ ಶಾಡ್ ಮತ್ತ ಸಂಗಡಿಗರು ಇಂಥಾ ಬದಲಾವಣೆ ತಂದ್ರು, 2009ರಾಗ ಕಾಜ್‌ನಾವ್ ಒಂದರೊಳಗ ಒಂದು ಹುಡುಕಾಟ ಇಡೋ ನೆಸ್ಟೆಡ್ ವಿಧಾನ ಕೊಟ್ರು, 2011ರಾಗ ರೋಸಿನ್ ಅದನ್ನ ಇನ್ನೂ ಮುಂದ ಒಯ್ದ್ರು. ಮೂರನ್ನೂ ಜೀನ್ಸ್ ಡೇಟಾ ಮ್ಯಾಲ ಓಡ್ಸಿ ಹೋಲಿಸೋದೇ ಒಂದು ಪೂರ್ತಿ ಎಂಟೆಕ್ ಪ್ರಾಜೆಕ್ಟ್.

ಹೋಲಿಕೆ ನ್ಯಾಯವಾಗಿರಬೇಕು

ಎದುರಾಳಿಗಳನ್ನ ದುರ್ಬಲ ಇಟ್ಟು ಗೆಲ್ಲಬ್ಯಾಡ್ರಿ. ಸಣ್ಣ ಆರ್ಡರ್ ಮೊದ್ಲ ಅನ್ನೋ ನಿಯಮ, ಎನ್‌ಇಎಚ್, ಸಿಮ್ಯುಲೇಟೆಡ್ ಅನೀಲಿಂಗ್, ಮತ್ತ ಗೂಗಲ್‌ನ ಓಆರ್-ಟೂಲ್ಸ್ ಒಳಗಿನ ಸಿಪಿ-ಸ್ಯಾಟ್ ಸಾಲ್ವರ್ (ಕಂಡೀಷನ್ ಬರೆದು ಕೊಟ್ರ ತಾನೇ ಉತ್ತರ ಹುಡುಕೋ ಪ್ರೋಗ್ರಾಮ್), ಇವು ನಾಕು ಇರ್ಲೇಬೇಕು. ಸಿಪಿ-ಸ್ಯಾಟ್ ಫ್ರೀ, ಲೋವರ್ ಬೌಂಡೂ ಕೊಡತೈತಿ, ಸಣ್ಣ ಸಮಸ್ಯೆಗಳಲ್ಲಿ ನಿಮ್ಮನ್ನ ಸೋಲಿಸೋದೂ ಹೆಚ್ಚು. ಸೋತ್ರ ಹಂಗೇ ಬರೀರಿ, ಎಷ್ಟು ಆರ್ಡರ್ ತನಕ ಅದು ಮುಂದ, ಎಲ್ಲಿಂದ ನೀವು ಮುಂದ ಅನ್ನೋ ಗ್ರಾಫೇ ಓದೋರಿಗೆ ಬೇಕಾದ್ದು.

ಎಲ್ಲರಿಗೂ ಅದೇ ಮಷೀನ್, ಅದೇ ಟೈಮ್ ಲಿಮಿಟ್. ರ‍್ಯಾಂಡಮ್ ಇರೋ ವಿಧಾನಗಳನ್ನ 30 ಬ್ಯಾರೆ ಬ್ಯಾರೆ ಸೀಡ್‌ನಾಗ (ರ‍್ಯಾಂಡಮ್ ನಂಬರ್ ಎಲ್ಲಿಂದ ಶುರು ಅಂತ ಹೇಳೋ ನಂಬರ್) ಓಡ್ಸಿ ಸರಾಸರಿ ಜೋಡಿ ಅತಿ ಕೆಟ್ಟದ್ದನ್ನೂ ಕೊಡ್ರಿ. ಸ್ಥಿರಾಂಕ ಹೊಂದಿಸಾಕ ಬಳಸಿದ ಸಮಸ್ಯೆಗಳು ಬ್ಯಾರೆ, ಫಲಿತಾಂಶ ತೋರಿಸೋವು ಬ್ಯಾರೆ ಇರಬೇಕು. ನಿಮ್ಮ ಡೇಟಾ ಜೋಡಿ 1993ರ ಟೈಯಾರ್ ಬೆಂಚ್‌ಮಾರ್ಕ್ (ಎಲ್ಲರೂ ಹೋಲಿಕೆಗೆ ಬಳಸೋ ಸಮಸ್ಯೆಗಳ ಗುಂಪು) ಮ್ಯಾಲೂ ಓಡಿಸ್ರಿ, ಇಲ್ಲಾಂದ್ರ ಹೊರಗಿನವ್ರಿಗೆ ಹೋಲಿಸಾಕ ಏನೂ ಸಿಗಂಗಿಲ್ಲ.

ಬರಿಯೋದು, ಕಳಿಸೋದು

ಮೊದ್ಲ ಫಲಿತಾಂಶದ ಟೇಬಲ್, ಆಮ್ಯಾಲ ವಿಧಾನ, ಪ್ರಸ್ತಾವನೆ ಕೊನಿಗೆ. ಆಟದ ಕೆಲಸಕ್ಕ ಐಸಿಜಿಎ ಜರ್ನಲ್, ಐಇಇಇ ಕಾನ್ಫರೆನ್ಸ್ ಆನ್ ಗೇಮ್ಸ್ ನೋಡ್ರಿ, ಸರದಿ ಕೆಲಸಕ್ಕ ಜರ್ನಲ್ ಆಫ್ ಶೆಡ್ಯೂಲಿಂಗ್, ಟೈಮ್‌ಟೇಬಲ್ ಆದ್ರ ಪಟಾಟ್ ಸಮ್ಮೇಳನ. ದುಡ್ಡು ಕಟ್ಟಿದ್ರ ಎರಡು ದಿನದಾಗ ಅಕ್ಸೆಪ್ಟ್ ಅಂತ ಮೇಲ್ ಕಳಿಸೋ ಜರ್ನಲ್‌ಗಳ ಕಡೆ ತಿರುಗಿ ನೋಡಬ್ಯಾಡ್ರಿ, ನಿಮ್ಮ ಕೆಲಸ ಅಲ್ಲಿ ಹೂತು ಹೋಗತೈತಿ, ಮನಿಯವ್ರು ಕಷ್ಟಪಟ್ಟು ದುಡಿದ ದುಡ್ಡೂ ಹೋಗತೈತಿ. ಗೈಡ್ ಬೇಕಂದ್ರ ನಿಮ್ಮ ಕಾಲೇಜಿನವ್ರ ಜೋಡಿ ರಾಯಚೂರಿನ ಐಐಐಟಿಯಂಥ ಕಡೆ ಈ ವಿಷಯ ಮಾಡೋ ಪ್ರೊಫೆಸರ್ ಇದ್ದಾರಾ ಅಂತ ಅವರ ವೆಬ್‌ಸೈಟ್ ನೋಡಿ, ಒಂದು ಪುಟದಾಗ ಪ್ರಶ್ನೆ ಮತ್ತ ಮೊದಲ ಫಲಿತಾಂಶ ಬರೆದು ಮೇಲ್ ಹಾಕ್ರಿ. ಬರೇ ಆಸಕ್ತಿ ಐತಿ ಅಂತ ಬರೆದ್ರ ಉತ್ತರ ಬರೋದು ಕಷ್ಟ, ಟೇಬಲ್ ಇದ್ರ ಓದ್ತಾರ.

ಕೋಡ್, ಸೀಡ್ ನಂಬರ್, ಹೆಸರು ತೆಗೆದ ಡೇಟಾ ಗಿಟ್‌ಹಬ್‌ಗೆ ಹಾಕ್ರಿ. ಪೇಪರ್ ಕಳಿಸಿದ ದಿನವೇ ಯೂನಿಟ್‌ಗೂ ಹೋಗಿ, ನಿಮ್ಮ ಪ್ರೋಗ್ರಾಮ್ ಹಚ್ಚಿದ ಮುಂದಿನ ವಾರದ ಸರದಿಯನ್ನ ಕನ್ನಡದಾಗ ಪ್ರಿಂಟ್ ತೆಗೆದು ಸೂಪರ್‌ವೈಸರ್ ಅಣ್ಣಾರ ಕೈಯಾಗ ಕೊಡ್ರಿ. ಅವ್ರು ಅದರಾಗ ಎರಡು ಮೂರು ಆರ್ಡರ್ ಅದಲು ಬದಲು ಮಾಡ್ತಾರ. ಯಾಕ ಅಂತ ಕೇಳಿ ಬರ್ಕೊಳ್ರಿ, ಅವ್ರು ಹೇಳೋ ಒಂದೊಂದು ಕಾರಣನೂ ನಿಮ್ಮ ಮಾದರಿಗೆ ಸೇರಬೇಕಾದ ಒಂದೊಂದು ಹೊಸ ಕಂಡೀಷನ್.